ನಮ್ಮ ತರಗತಿಯ ಪ್ರಶ್ನೆಗೆ ನಾವೇ ಸಂಶೋಧಕರು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಶಿಕ್ಷಕರು ಹಾಗೂ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ವಹಿಸಿರುವ ವಿಷಯ 'ಶಿಕ್ಷಣದ ತಳಹದಿಗಳು ಮತ್ತು ಸಂಶೋಧನೆ'. ತರಬೇತಿ ಕಾಲೇಜುಗಳಲ್ಲಿ ಈ ಎರಡು ವಿಷಯಗಳಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಬೋಧನಾ ಪದ್ಧತಿಯ ಪತ್ರಿಕೆ ನಾಳೆ ತರಗತಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಪಾಠಯೋಜನೆ ಉಪಯೋಗಕ್ಕೆ ಬರುತ್ತದೆ. ಆದರೆ ರೂಸೋ, ಡ್ಯೂಯಿ, ಟ್ಯಾಗೋರ್ ಇವರೆಲ್ಲ ಹಲವಾಗಲಿನಂಥ ಹೊಳೆದಂಡೆಯ ಊರಿನ ಐದನೇ ತರಗತಿಗೆ ಏನು ಉಪಯೋಗ ಎಂದು ಕೇಳುವವರು ಬಹಳ ಜನ. ಹೀಗಾಗಿ ತಳಹದಿಗಳ ಪತ್ರಿಕೆಯನ್ನು ಪರೀಕ್ಷೆಯ ಹಿಂದಿನ ವಾರ ಗೈಡಿನಿಂದ ಬಾಯಿಪಾಠ ಮಾಡುತ್ತಾರೆ. ಸಂಶೋಧನಾ ವರದಿಯಂತೂ ಎಷ್ಟೋ ಕಡೆ ಟೈಪಿಂಗ್ ಅಂಗಡಿಯಲ್ಲೇ ಸಿದ್ಧವಾಗುತ್ತದೆ. ಹೋದ ವರ್ಷದವರ ವರದಿಯಲ್ಲಿ ಶಾಲೆಯ ಹೆಸರು, ವಿದ್ಯಾರ್ಥಿಯ ಹೆಸರು ಬದಲಾಯಿಸಿದರೆ ಈ ವರ್ಷದ ವರದಿ ಆಯಿತು! ಯಾವ ಕಾಲೇಜಿನ ಹೆಸರನ್ನೂ ನಾನು ಹೇಳುವುದಿಲ್ಲ. ಇಲ್ಲಿ ಕುಳಿತವರಿಗೆ ಈ ಮಾತು ಹೊಸದಲ್ಲವೆಂದು ನಿಮ್ಮ ಮುಖದ ನಗೆಯೇ ಹೇಳುತ್ತಿದೆ.

ಈ ನಗೆಯ ಹಿಂದೆ ನಷ್ಟವಿದೆ ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ. ನಮ್ಮ ಉರ್ದು ಶಾಲೆಯ ಮಕ್ಕಳು, ಗುಳೆ ಹೋಗಿ ಬರುವ ಮಕ್ಕಳು, ಮನೆಯಲ್ಲಿ ದಖನಿ ಮಾತನಾಡಿ ಬೀದಿಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಯಾಕೆ ಹಿಂದೆ ಬೀಳುತ್ತಾರೆ ಎಂಬ ಪ್ರಶ್ನೆಗೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಯಾರಾದರೂ ಬಂದು ನಮ್ಮ ಊರಿನಲ್ಲಿ ಕುಳಿತು ಉತ್ತರ ಹುಡುಕುವುದಿಲ್ಲ. ಆ ಮಕ್ಕಳ ಮುಂದೆ ದಿನವೂ ನಿಲ್ಲುವವರು ನಾವು. ಆ ಪ್ರಶ್ನೆಯನ್ನು ಕೇಳುವ ಕ್ರಮವನ್ನು ಕಲಿಸುವ ಪತ್ರಿಕೆಗಳನ್ನೇ ನಾವು ಅಂಗಡಿಯಿಂದ ಕೊಂಡು ತಂದರೆ ಆ ಮಕ್ಕಳ ಪರವಾಗಿ ಕೇಳುವವರು ಯಾರು?

ಒಬ್ಬ ಹುಡುಗಿ, ನಾಲ್ಕು ಪ್ರಶ್ನೆ

ಮೊದಲು ತಳಹದಿಗಳ ಮಾತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ 2015ರಿಂದ ಬಿ.ಎಡ್. ಮತ್ತು ಎಂ.ಎಡ್. ಎರಡೂ ಎರಡು ವರ್ಷದ ಕೋರ್ಸುಗಳಾದವು. ಬಿ.ಎಡ್.ನಲ್ಲಿ ಬಾಲ್ಯ ಮತ್ತು ಬೆಳವಣಿಗೆ, ಸಮಕಾಲೀನ ಭಾರತ ಮತ್ತು ಶಿಕ್ಷಣ, ಲಿಂಗತ್ವ ಮತ್ತು ಶಾಲೆ, ಪಠ್ಯಕ್ರಮದಾದ್ಯಂತ ಭಾಷೆ ಮುಂತಾದ ವಿಷಯಗಳಿವೆ, ಎಂ.ಎಡ್.ನಲ್ಲಿ ಶಿಕ್ಷಣದ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಇವುಗಳ ಜೊತೆಗೆ ಸಂಶೋಧನಾ ವಿಧಾನ ಮತ್ತು ಪ್ರೌಢಪ್ರಬಂಧ. ಪಟ್ಟಿ ನೋಡಿದರೆ ಭಾರವೆನಿಸುತ್ತದೆ. ಒಂದು ಮಗುವನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಅದೇ ಪಟ್ಟಿ ಹಗುರವಾಗುತ್ತದೆ.

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಊರಿನ ಉರ್ದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದಳು. ಚುರುಕು ಹುಡುಗಿ. ಊರಿನಲ್ಲಿ ಉರ್ದು ಪ್ರೌಢಶಾಲೆ ಇಲ್ಲ. ಎಂಟನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಬಂದಳು, ಬಂದ ದಿನದಿಂದ ಮೌನವಾದಳು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಶಾಲೆಯವರು 'ಆಸಕ್ತಿ ಇಲ್ಲ' ಎಂದರು. ಮನೆಯಲ್ಲಿ ಅಮ್ಮಿ 'ಇವಳಿಗೆ ಓದು ಹತ್ತುವುದಿಲ್ಲ, ಬಿಡಿಸಿಬಿಡಿ' ಎಂದರು. ಇಂಥ ಹುಡುಗಿ ನಿಮಗೆಲ್ಲ ಗೊತ್ತು.

ಮನಶ್ಶಾಸ್ತ್ರ ಕೇಳುತ್ತದೆ: ಅವಳಿಗೆ ಗೊತ್ತಿಲ್ಲವೋ, ಗೊತ್ತಿರುವುದನ್ನು ಹೇಳುವ ಭಾಷೆ ಇಲ್ಲವೋ? ಜಿಮ್ ಕಮಿನ್ಸ್ ಎಂಬ ಕೆನಡಾದ ವಿದ್ವಾಂಸರು 1979ರಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದರು. ಎರಡನೆಯ ಭಾಷೆಯಲ್ಲಿ ದಿನನಿತ್ಯದ ಮಾತುಕತೆ ಮಗುವಿಗೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು. ಈ ಹುಡುಗಿ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ. ಅದನ್ನು ನೋಡಿ ನಾವು ಇವಳಿಗೆ ಕನ್ನಡ ಬರುತ್ತದೆ ಎಂದುಕೊಳ್ಳುತ್ತೇವೆ. 'ದ್ಯುತಿಸಂಶ್ಲೇಷಣೆ' ಎಂಬ ಮಾತು ಯಾವ ಸಂತೆಯಲ್ಲೂ ಸಿಗುವುದಿಲ್ಲ.

ಸಮಾಜಶಾಸ್ತ್ರ ಕೇಳುತ್ತದೆ: ಅದೇ ಮನೆಯ ಹುಡುಗ ನಪಾಸಾದರೆ ಟ್ಯೂಷನ್, ಹುಡುಗಿ ನಪಾಸಾದರೆ ಮದುವೆ ಮಾತು. ಇದು ಯಾಕೆ? ಪ್ರೌಢಶಾಲೆ ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಶೌಚಾಲಯಕ್ಕೆ ಬಾಗಿಲು ಇದೆಯೋ ಇಲ್ಲವೋ? ಇವೆಲ್ಲ ಸಮಾಜಶಾಸ್ತ್ರದ ಪ್ರಶ್ನೆಗಳೇ.

ಇತಿಹಾಸ ಕೇಳುತ್ತದೆ: ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಅದು ಪ್ರಾಥಮಿಕ ಹಂತದ ಮಾತು. ಏಳನೆಯ ತರಗತಿ ಮುಗಿದ ಮೇಲೆ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟುವ ಸೇತುವೆಯನ್ನು ಯಾರು ಕಟ್ಟಬೇಕು?

ಕೊನೆಗೆ ತತ್ತ್ವಶಾಸ್ತ್ರ ಕೇಳುತ್ತದೆ: ಇವಳನ್ನು ನಾವು ಯಾಕೆ ಓದಿಸುತ್ತಿದ್ದೇವೆ? ಎಸ್.ಎಸ್.ಎಲ್.ಸಿ. ಪಾಸಾಗಲಿ ಎಂದೋ, ತನ್ನ ಬದುಕಿನ ತೀರ್ಮಾನವನ್ನು ತಾನೇ ಮಾಡುವಂತಾಗಲಿ ಎಂದೋ?

ನೋಡಿ, 'ಆಸಕ್ತಿ ಇಲ್ಲ' ಎಂಬ ಎರಡು ಪದದಲ್ಲಿ ಮುಗಿದುಹೋಗಿದ್ದ ಹುಡುಗಿಯ ಬಗ್ಗೆ ಈಗ ಎಷ್ಟು ಪ್ರಶ್ನೆಗಳಾದವು. ತಳಹದಿಗಳ ಪತ್ರಿಕೆ ಮಾಡುವ ಕೆಲಸ ಇದೇ. ಕಾರಣವನ್ನು ಮಗುವಿನ ತಲೆಯಲ್ಲಿ ಮಾತ್ರ ಹುಡುಕುವ ನಮ್ಮ ಚಾಳಿಯನ್ನು ಅದು ಬಿಡಿಸುತ್ತದೆ.

ಹಿರಿಯರು ನಡೆದ ದಾರಿ

ಇವೆಲ್ಲ ಪಾಶ್ಚಾತ್ಯರ ಶಾಸ್ತ್ರ, ನಮಗೇಕೆ ಎನ್ನುವವರಿಗೆ ಒಂದು ಮಾತು. 1377ರಲ್ಲಿ ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ' ಬರೆದರು. ಅದರಲ್ಲಿ ಬೋಧನೆಯ ಬಗ್ಗೆಯೇ ಅಧ್ಯಾಯಗಳಿವೆ. ಒಂದು ವಿಷಯವನ್ನು ಮೊದಲು ಸ್ಥೂಲವಾಗಿ, ಆಮೇಲೆ ವಿವರವಾಗಿ, ಕೊನೆಗೆ ಕಠಿಣ ಅಂಶಗಳೊಂದಿಗೆ ಹೀಗೆ ಮೂರು ಸುತ್ತಿನಲ್ಲಿ ಕಲಿಸಬೇಕು ಎಂಬುದು ಅವರ ಸಲಹೆ. ಮಕ್ಕಳ ಮೇಲೆ ಅತಿಯಾದ ದಂಡನೆ ಮಾಡಿದರೆ ಅವರು ಸುಳ್ಳು, ಕಪಟ ಕಲಿಯುತ್ತಾರೆ ಎಂದೂ ಎಚ್ಚರಿಸಿದರು. ಮಗ್‌ರಿಬ್ ಪ್ರಾಂತದವರು ಮಕ್ಕಳಿಗೆ ಏನನ್ನು ಮೊದಲು ಕಲಿಸುತ್ತಾರೆ, ಆಂದಲೂಸಿಯಾದವರು ಏನನ್ನು ಕಲಿಸುತ್ತಾರೆ, ಅದರಿಂದ ಮಕ್ಕಳ ಭಾಷೆಯಲ್ಲಿ ಯಾವ ವ್ಯತ್ಯಾಸವಾಗುತ್ತದೆ ಎಂದು ಹೋಲಿಸಿ ನೋಡಿದರು. ಇಂದು ಎಂ.ಎಡ್. ಪುಸ್ತಕದಲ್ಲಿ ಇದಕ್ಕೆ ತೌಲನಿಕ ಅಧ್ಯಯನ ಎಂಬ ಹೆಸರಿದೆ.

ಡಾ. ಜಾಕಿರ್ ಹುಸೇನ್ ಅವರನ್ನು ನಾವು ರಾಷ್ಟ್ರಪತಿ ಎಂದು ಮಾತ್ರ ನೆನೆಯುತ್ತೇವೆ. ಹೈದರಾಬಾದಿನಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು, 1926ರಿಂದ 1948ರವರೆಗೆ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿ ಇಪ್ಪತ್ತೆರಡು ವರ್ಷ ದುಡಿದವರು ಅವರು. 1937ರ ವಾರ್ಧಾ ಸಮ್ಮೇಳನದ ನಂತರ ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಮಾತೃಭಾಷೆಯಲ್ಲಿ, ಕೈಕಸುಬಿನ ಮೂಲಕ, ಏಳು ವರ್ಷದ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂಬುದು ಆ ಯೋಜನೆಯ ತಿರುಳು. ಇಷ್ಟೆಲ್ಲ ಮಾಡಿದವರು ಬಿಡುವು ಮಾಡಿಕೊಂಡು ಮಕ್ಕಳಿಗಾಗಿ ಉರ್ದುವಿನಲ್ಲಿ ಕಥೆಗಳನ್ನೂ ಬರೆದರು.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಬಿ.ಎಡ್.ನಲ್ಲಿ ನೀವು ಓದುವ 'ಕ್ರಿಯಾ ಸಂಶೋಧನೆ' ಎಂಬ ಮಾತು ಪ್ರಚಾರಕ್ಕೆ ಬಂದದ್ದು ಕರ್ಟ್ ಲೆವಿನ್ ಅವರಿಂದ. ಅವರು ಯಹೂದಿ ಸಮುದಾಯದವರು. 1933ರಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕ ಸೇರಬೇಕಾಯಿತು. 1946ರಲ್ಲಿ ಅವರು ಬರೆದ ಪ್ರಸಿದ್ಧ ಲೇಖನದ ಹೆಸರೇ ಕ್ರಿಯಾ ಸಂಶೋಧನೆ ಮತ್ತು ಅಲ್ಪಸಂಖ್ಯಾತರ ಸಮಸ್ಯೆಗಳು. ಯೋಜನೆ ಮಾಡು, ಮಾಡಿ ನೋಡು, ಫಲವನ್ನು ಅಳೆ, ಮತ್ತೆ ಯೋಜನೆ ಮಾಡು ಎಂಬ ಸುತ್ತು ಅಲ್ಲಿಂದ ಬಂತು. 1953ರಲ್ಲಿ ಸ್ಟೀಫನ್ ಕೋರಿ ಎಂಬ ಪ್ರಾಧ್ಯಾಪಕರು ಇದನ್ನು ಶಾಲಾ ಶಿಕ್ಷಕರ ಕೈಗೆ ಕೊಡುವ ಪುಸ್ತಕ ಬರೆದರು. ಅಲ್ಪಸಂಖ್ಯಾತರ ಕಷ್ಟವನ್ನು ಮುಂದಿಟ್ಟುಕೊಂಡು ಬೆಳೆದ ವಿಧಾನವನ್ನು ಅಲ್ಪಸಂಖ್ಯಾತರ ಶಾಲೆಯ ಶಿಕ್ಷಕರೇ ಅಂಗಡಿಯಲ್ಲಿ ಕೊಳ್ಳುವುದೆಂದರೆ ಏನು ಹೇಳೋಣ!

ಅಂಕಿ ಅಂಶ ಓದುವ ಕಣ್ಣು

ಸಂಶೋಧನೆಯ ಪತ್ರಿಕೆಯಲ್ಲಿ ಸರಾಸರಿ, ಶೇಕಡಾವಾರು, ಮಾದರಿ ಎಂಬ ಅಧ್ಯಾಯಗಳಿವೆ. ಲೆಕ್ಕ ಎಂದು ಹೆದರಬೇಡಿ. ಇದರಿಂದ ನಮ್ಮ ಬಗ್ಗೆ ಆಡುವ ಮಾತು ಎಷ್ಟು ನಿಜ ಎಂದು ಪರೀಕ್ಷಿಸುವ ಶಕ್ತಿ ಬರುತ್ತದೆ.

2006ರ ನವೆಂಬರ್‌ನಲ್ಲಿ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೆಸರಿಸುತ್ತಾರೆ, ಓದಿದವರು ಕಡಿಮೆ. 2001ರಲ್ಲಿ ದೇಶದ ಸಾಕ್ಷರತೆ ಶೇ. 65.1, ಮುಸ್ಲಿಮರದು ಶೇ. 59.1 ಎಂದು ಅದು ಹೇಳಿತು. ಮದರಸಾಗಳಲ್ಲೇ ನಮ್ಮ ಮಕ್ಕಳೆಲ್ಲ ಓದುತ್ತಾರೆಂಬ ನಂಬಿಕೆಗೆ ವಿರುದ್ಧವಾಗಿ, ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ. 3ರಿಂದ 4ರಷ್ಟು ಮಾತ್ರ ಅಲ್ಲಿದ್ದಾರೆ ಎಂದೂ ತೋರಿಸಿತು. ಹಾಗೆಯೇ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದಿತು.

ಈಗ ಕರ್ನಾಟಕಕ್ಕೆ ಬನ್ನಿ. ಅದೇ 2001ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 66.6, ಮುಸ್ಲಿಮರದು ಶೇ. 70.1. ಸರಾಸರಿಗಿಂತ ನಾವು ಮುಂದೆ! ಹಾಗಾದರೆ ಸಮಸ್ಯೆಯೇ ಇಲ್ಲವೇ? ಇಲ್ಲಿಯೇ ಸಂಶೋಧಕನ ಕಣ್ಣು ಬೇಕು. ರಾಜ್ಯದ ಮುಸ್ಲಿಮರಲ್ಲಿ ಹೆಚ್ಚಿನವರು ನಗರ, ಪಟ್ಟಣಗಳಲ್ಲಿದ್ದಾರೆ. ಪಟ್ಟಣದಲ್ಲಿ ಸಾಕ್ಷರತೆ ಯಾವ ಸಮುದಾಯಕ್ಕಾದರೂ ಹೆಚ್ಚೇ ಇರುತ್ತದೆ. ಹಳ್ಳಿಯನ್ನು ಹಳ್ಳಿಯೊಂದಿಗೆ, ಪಟ್ಟಣವನ್ನು ಪಟ್ಟಣದೊಂದಿಗೆ ಹೋಲಿಸದೆ ಹೆಮ್ಮೆಯನ್ನೂ ಪಡಬಾರದು, ದುಃಖವನ್ನೂ ಪಡಬಾರದು. ಜೊತೆಗೆ, ಸಾಕ್ಷರತೆ ಎಂದರೆ ಓದು ಬರಹ ಬಲ್ಲವರ ಲೆಕ್ಕ. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟ ನಮ್ಮ ಆ ಹುಡುಗಿಯೂ ಆ ಲೆಕ್ಕದಲ್ಲಿ ಸಾಕ್ಷರಳೇ.

ನಮ್ಮ ತಾಲ್ಲೂಕಿನ ಅಂಕಿ ಹುಡುಕುವವರಿಗೆ ಇನ್ನೊಂದು ತೊಡಕಿದೆ. ಹರಪನಹಳ್ಳಿ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯ ಜೊತೆ ಮದ್ರಾಸ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 371ಜೆ ಬಂದಾಗ ದಾವಣಗೆರೆಯಲ್ಲಿದ್ದ ಕಾರಣ ಅದರ ಸೌಲಭ್ಯದಿಂದ ಹೊರಗುಳಿದು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ ಜಿಲ್ಲೆ. ಆದ್ದರಿಂದ 1951ರ ಅಂಕಿಯನ್ನು ಮದ್ರಾಸಿನ ಸಂಪುಟದಲ್ಲಿ, 1991ರದ್ದನ್ನು ಬಳ್ಳಾರಿಯಲ್ಲಿ, 2001 ಮತ್ತು 2011ರದ್ದನ್ನು ದಾವಣಗೆರೆಯಲ್ಲಿ ಹುಡುಕಬೇಕು. ಇದನ್ನು ತಿಳಿಯದೆ 'ಬಳ್ಳಾರಿ ಜಿಲ್ಲೆಯ ಪ್ರಗತಿ' ಎಂದು ನಕ್ಷೆ ಬರೆದರೆ ಅದರಲ್ಲಿ ನಮ್ಮ ಊರೇ ಇರುವುದಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿಯೂ ಮುಂದಕ್ಕೆ ಹೋಯಿತು. ಹೀಗಿರುವಾಗ ಶಾಲೆಯ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಟಿ.ಸಿ. ಪುಸ್ತಕಗಳೇ ನಮ್ಮ ಪಾಲಿನ ಜನಗಣತಿ. ಹತ್ತು ವರ್ಷದ ಹಾಜರಿಯನ್ನು ತಿಂಗಳವಾರು ಬರೆದು ನೋಡಿ. ಸುಗ್ಗಿ ಮುಗಿದು ಗುಳೆ ಹೊರಡುವ ತಿಂಗಳು ಯಾವುದು, ಯಾವ ಕೇರಿಯ ಮಕ್ಕಳು ಆಗ ಇರುವುದಿಲ್ಲ ಎಂಬುದು ತಾನಾಗಿಯೇ ಕಾಣುತ್ತದೆ.

ಒಂದು ಸಣ್ಣ ಸಂಶೋಧನೆ ಹೀಗಿರಬಹುದು

ಈಗ ಭಾಷಾ ಶಿಕ್ಷಕರಿಗೆ ಒಂದು ಉದಾಹರಣೆ ಕೊಡುತ್ತೇನೆ. ಉರ್ದು ಮಾಧ್ಯಮದ ಮಕ್ಕಳ ಕನ್ನಡ ಉಕ್ತಲೇಖನ ತಿದ್ದಿದವರಿಗೆ ಗೊತ್ತು: ಹಳ್ಳಿ 'ಹಲ್ಲಿ' ಆಗುತ್ತದೆ, ಹುಳಿ 'ಹುಲಿ' ಆಗುತ್ತದೆ, ಅಣ್ಣ 'ಅನ್ನ' ಆಗುತ್ತಾನೆ, ಕೆರೆ 'ಕೇರೆ' ಆಗುತ್ತದೆ. ಕೆಂಪು ಮಸಿಯಲ್ಲಿ ಸುತ್ತು ಹಾಕಿ 'ಹತ್ತು ಸಲ ಬರೆ' ಎನ್ನುತ್ತೇವೆ. ಮುಂದಿನ ವಾರ ಮತ್ತೆ ಅದೇ ತಪ್ಪು.

ಸಂಶೋಧಕ ಶಿಕ್ಷಕನು ಮೊದಲು ಕಾರಣ ಊಹಿಸುತ್ತಾನೆ. ಉರ್ದುವಿನಲ್ಲಿ ಳ ಮತ್ತು ಣ ಇಲ್ಲ. ಕನ್ನಡದಂತೆ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವೂ ಇಲ್ಲ. ಆದ್ದರಿಂದ ಮಗುವಿಗೆ ಆ ಧ್ವನಿ ಬೇರೆಯಾಗಿ ಕೇಳಿಸುತ್ತಿಲ್ಲವೋ, ಕೇಳಿಸಿದರೂ ನಾಲಿಗೆ ಹೊರಳುತ್ತಿಲ್ಲವೋ, ನಾಲಿಗೆ ಹೊರಳಿದರೂ ಅಕ್ಷರ ನೆನಪಿಲ್ಲವೋ? ಮೂರೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಪತ್ತೆ ಹಚ್ಚಲು ಚಿತ್ರದ ಕಾರ್ಡುಗಳು ಸಾಕು. ಶಿಕ್ಷಕರು 'ಹುಳಿ' ಎಂದಾಗ ಮಗು ಹುಣಸೆಹಣ್ಣನ್ನು ಮುಟ್ಟುತ್ತದೋ, ಹುಲಿಯನ್ನೋ? ಇದು ಕೇಳುವ ಪರೀಕ್ಷೆ. ಚಿತ್ರ ತೋರಿಸಿ ಹೇಳಿಸುವುದು ಮಾತಿನ ಪರೀಕ್ಷೆ. ಉಕ್ತಲೇಖನ ಬರಹದ ಪರೀಕ್ಷೆ. ಮೂರರ ಅಂಕಗಳನ್ನು ಬೇರೆ ಬೇರೆಯಾಗಿ ಬರೆದಿಡಿ. ಇದು ಪೂರ್ವ ಪರೀಕ್ಷೆ.

ಆಮೇಲೆ ನಾಲ್ಕು ವಾರ, ದಿನಕ್ಕೆ ಹತ್ತು ನಿಮಿಷ, ಎಲ್ಲಿ ತೊಡಕು ಕಂಡಿತೋ ಅಲ್ಲಿಗೆ ಮಾತ್ರ ಅಭ್ಯಾಸ. ಕೊನೆಗೆ ನಂತರದ ಪರೀಕ್ಷೆ. ಅದರಲ್ಲಿ ಹೊಸ ಪದಗಳಿರಬೇಕು, ಇಲ್ಲವಾದರೆ ಮಕ್ಕಳು ಕಾರ್ಡನ್ನು ಬಾಯಿಪಾಠ ಮಾಡಿರುತ್ತಾರೆ. ಇಷ್ಟಕ್ಕೆ ನಿಲ್ಲಬೇಡಿ. ಪಕ್ಕದ ಕನ್ನಡ ಶಾಲೆಯ ಅದೇ ತರಗತಿಯ ಮಕ್ಕಳಿಗೂ ಅದೇ ಪರೀಕ್ಷೆ ಕೊಡಿ. ಅವರೂ ಅಷ್ಟೇ ತಪ್ಪಿದರೆ ಕಾರಣ ಉರ್ದು ಅಲ್ಲ, ನಮ್ಮ ಊಹೆ ಬಿದ್ದುಹೋಯಿತು. ಊಹೆ ಬಿದ್ದುಹೋದರೂ ವರದಿ ವರದಿಯೇ. ಅದನ್ನು ಹಾಗೆಯೇ ಬರೆಯಬೇಕು.

ಹೀಗೆ ಹೋಲಿಸಿದಾಗ ನಮ್ಮ ಮಕ್ಕಳ ಬಲವೂ ಕಾಣುತ್ತದೆ. ಘರ್, ಭಾಯಿ, ಖಾನಾ ಎನ್ನುವ ಮಗುವಿಗೆ ಪದದ ಆರಂಭದ ಮಹಾಪ್ರಾಣ ಸಲೀಸು. ಭಾರತವನ್ನು 'ಬಾರತ' ಎನ್ನುವ ಎಷ್ಟೋ ಕನ್ನಡ ಮನೆಯ ಮಕ್ಕಳಿಗೆ ಅದು ಕಷ್ಟ. ಪದದ ಕೊನೆಯಲ್ಲಿ ಮಾತ್ರ ದಖನಿಯೂ ಮಹಾಪ್ರಾಣವನ್ನು ಬಿಟ್ಟುಬಿಡುತ್ತದೆ. ಹಾಥ್ 'ಹಾತ್' ಆಗುತ್ತದೆ, ದೂಧ್ 'ದೂದ್' ಆಗುತ್ತದೆ. ಈ ಮಕ್ಕಳನ್ನೂ ಆ ಮಕ್ಕಳನ್ನೂ ಜೋಡಿ ಮಾಡಿ ಕೂರಿಸಿದರೆ ಒಬ್ಬರಿಂದೊಬ್ಬರು ಕಲಿಯುವ ದಾರಿಯಾಗುತ್ತದೆ. ಇಂಥ ವಿಚಾರ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಎರಡು ಎಚ್ಚರಿಕೆಗಳು. ನಿಮ್ಮ ತರಗತಿಯ ಇಪ್ಪತ್ತು ಮಕ್ಕಳಿಂದ ರಾಜ್ಯದ ಎಲ್ಲ ಉರ್ದು ಮಕ್ಕಳ ಬಗ್ಗೆ ತೀರ್ಪು ಕೊಡಬೇಡಿ. ವರದಿಯಲ್ಲಿ ಮಗುವಿನ ನಿಜವಾದ ಹೆಸರು ಹಾಕಬೇಡಿ. ಅವರ ತಪ್ಪುಗಳು ಅವರ ಗುಟ್ಟು.

ಸಣ್ಣ ಶಾಲೆಯ ಸಣ್ಣ ಪ್ರಯತ್ನದಿಂದ ಏನಾಗುತ್ತದೆ ಎನ್ನಬೇಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ನೋಡಿ ಬಂದು, ತಮ್ಮ ಶಾಲೆಗಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಮಾಡಿಕೊಂಡರು. ಯುನಿಸೆಫ್ ಬೆಂಬಲ ನೀಡಿತು. ಅದೇ 'ನಲಿ-ಕಲಿ'. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಅದು ಹಬ್ಬಿತು.

ಮುಂದೆ ಓದುವವರಿಗೆ

ಬಿ.ಎಡ್. ಮುಗಿಸಿದ ಕೂಡಲೇ ಓದು ಮುಗಿಯಿತೆಂದು ಭಾವಿಸಬೇಡಿ. ಬಿ.ಎಡ್.ನಲ್ಲಿ ಕನಿಷ್ಠ ಶೇ. 50 ಅಂಕ ಪಡೆದವರು ಎಂ.ಎಡ್.ಗೆ ಅರ್ಜಿ ಹಾಕಬಹುದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಉರ್ದುವಿನಲ್ಲಿಯೇ ಓದಬೇಕೆನ್ನುವವರಿಗೆ 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವಿದೆ. ಅದರ ಶಿಕ್ಷಕ ಶಿಕ್ಷಣ ಕಾಲೇಜು ನಮ್ಮ ಬೀದರ್‌ನಲ್ಲೂ ಇದೆ. ಅಲ್ಪಸಂಖ್ಯಾತ ಸಂಶೋಧಕರಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಹೀಗಾಗಿ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆಯುವುದು ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ. ಪ್ರಥಮ ವರ್ಷದಿಂದಲೇ ತಯಾರಿ ಮಾಡಿ. ಸಾಚಾರ್ ವರದಿಯ ಕಾಲದಲ್ಲಿ ದೇಶದ ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತು ವಿದ್ಯಾರ್ಥಿಗಳಿಗೆ ಒಬ್ಬ ಮುಸ್ಲಿಂ ವಿದ್ಯಾರ್ಥಿ ಇದ್ದ ಎಂಬುದನ್ನು ನೆನಪಿಡಿ.

ಸಂಘದ ಹಿರಿಯರಲ್ಲಿ ಮೂರು ವಿನಂತಿ. ನಮ್ಮ ಭಾಗದ ವಿದ್ಯಾರ್ಥಿಗಳು ಸ್ವಂತವಾಗಿ ಮಾಡಿದ ಸಂಶೋಧನಾ ವರದಿಗಳ ಒಂದೊಂದು ಪ್ರತಿಯನ್ನು ಸಂಘದ ಕಚೇರಿಯ ಕಪಾಟಿನಲ್ಲಿ ಇಡಿಸಿ. ವರ್ಷಕ್ಕೊಂದು ದಿನ ಅವುಗಳನ್ನು ಓದಿ ಚರ್ಚಿಸುವ ಸಭೆ ಕರೆಯಿರಿ. ರ್‍ಯಾಂಕ್ ಬಂದವರಿಗೆ ಶಾಲು ಹೊದಿಸುವಂತೆ, ಒಳ್ಳೆಯ ಪ್ರಶ್ನೆ ಕೇಳಿದ ಶಿಕ್ಷಕರಿಗೂ ಒಂದು ಶಾಲು ಹೊದಿಸಿ.

ವಿದ್ಯಾರ್ಥಿ ಮಿತ್ರರೇ, ಉರ್ದುವಿನಲ್ಲಿ ಸಂಶೋಧನೆಗೆ 'ತಹಖೀಖ್' ಎನ್ನುತ್ತೇವೆ. 'ಹಖ್' ಎಂಬ ಧಾತುವಿನಿಂದ ಬಂದ ಮಾತು. ಸತ್ಯವನ್ನು ಖಚಿತಪಡಿಸಿಕೊಳ್ಳುವುದು ಎಂದರ್ಥ. 'ಹಖ್' ಎಂದರೆ ಹಕ್ಕು ಎಂದೂ ಅರ್ಥವಿದೆ, ಕನ್ನಡದ 'ಹಕ್ಕು' ಬಂದದ್ದೂ ಅಲ್ಲಿಂದಲೇ. ಎಂಟನೇ ತರಗತಿಯಲ್ಲಿ ಮೌನವಾಗಿ ಕುಳಿತ ಮಗುವಿನ ಸತ್ಯ ಏನೆಂದು ತಿಳಿಯುವುದು ನಮ್ಮ ಕೆಲಸ, ಅದು ತಿಳಿಯಲ್ಪಡಬೇಕಾದದ್ದು ಆ ಮಗುವಿನ ಹಕ್ಕು. ಈ ವರ್ಷ ನಿಮ್ಮ ವರದಿಯನ್ನು ನೀವೇ ಬರೆಯಿರಿ. ಹತ್ತು ಪುಟವಾದರೂ ಚಿಂತೆಯಿಲ್ಲ, ಅದರಲ್ಲಿ ನಿಮ್ಮ ತರಗತಿಯ ಮಕ್ಕಳಿರಲಿ.